ಖಾಲಿ ಗಾಜಿನ ಬಾಟಲಿಯಿಂದ ಹಬ್ಬದ ಲಾಟೀನು

ಜಾಮ್, ಜೇನುತುಪ್ಪ, ಕಾಫಿ ಪುಡಿ ಮುಗಿದ ಮೇಲೆ ಉಳಿಯುವ ಗಾಜಿನ ಬಾಟಲಿಗಳನ್ನು ಎಸೆಯಲು ಮನಸ್ಸು ಬರುವುದಿಲ್ಲ, ಅಲ್ವಾ? ತೊಳೆದು ಎತ್ತಿಡುತ್ತೇವೆ. ಅವು ಕಪಾಟಿನ ಮೂಲೆಯಲ್ಲಿ ಸೇರುತ್ತಾ ಹೋಗುತ್ತವೆ. ಹಬ್ಬ ಹತ್ತಿರ ಬಂದಾಗ ಅವನ್ನು ಹೊರಗೆ ತೆಗೆಯಿರಿ. ಒಂದಿಷ್ಟು ತಂತಿ, ಸ್ವಲ್ಪ ಬಣ್ಣ, ಎರಡು ಮೂರು ಸಂಜೆಯ ಬಿಡುವು ಇದ್ದರೆ ಚಂದದ ಲಾಟೀನುಗಳು ಮನೆಯಲ್ಲೇ ಸಿದ್ಧವಾಗುತ್ತವೆ. ಗಾಜನ್ನು ಕರಗಿಸಿ ಹೊಸ ಬಾಟಲಿ ಮಾಡಬೇಕಾದರೆ ಕುಲುಮೆಯಲ್ಲಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಇದ್ದ ಬಾಟಲಿಯನ್ನು ಇದ್ದ ಹಾಗೆ ಬಳಸಿದರೆ ಅದ್ಯಾವುದೂ ಬೇಡ.

ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಲಾಟೀನು ಮಾಡುವುದು ಹಗಲಲ್ಲಿ, ನೋಡುವುದು ಕತ್ತಲಲ್ಲಿ. ಮೇಜಿನ ಮೇಲೆ ಅಂದವಾಗಿ ಕಾಣುವ, ದಪ್ಪ ಬಣ್ಣ ಬಳಿದು ಮಣಿ ಅಂಟಿಸಿದ ಬಾಟಲಿ, ಒಳಗೆ ದೀಪ ಇಟ್ಟ ತಕ್ಷಣ ಕಪ್ಪು ಮುದ್ದೆಯ ಹಾಗೆ ಕಾಣಬಹುದು. ಹಗಲಲ್ಲಿ ಏನೂ ಇಲ್ಲ ಅನ್ನಿಸುವ, ನಾಲ್ಕೇ ಗೆರೆ ಎಳೆದ ಬಾಟಲಿ ರಾತ್ರಿ ಇಡೀ ಗೋಡೆಯ ಮೇಲೆ ನೆರಳು ಚೆಲ್ಲಬಹುದು. ಅದಕ್ಕೇ ಕೆಲಸದ ಮಧ್ಯೆ ಆಗಾಗ ಕೋಣೆಯ ಲೈಟ್ ಆರಿಸಿ, ಬಾಟಲಿಯ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಎಷ್ಟು ಬಣ್ಣ ಸಾಕು, ಎಲ್ಲಿ ಕೈ ನಿಲ್ಲಿಸಬೇಕು ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ.

ಮೊದಲು ಒಳಗೆ ಏನು ಉರಿಯುತ್ತದೆ ಅಂತ ತೀರ್ಮಾನ ಮಾಡಿ. ಮೇಣದಬತ್ತಿಯೋ, ಎಲ್‌ಇಡಿ ದೀಪವೋ? ಬಾಟಲಿ, ಬಣ್ಣ, ಅಲಂಕಾರ ಎಲ್ಲವೂ ಇದರ ಮೇಲೆ ನಿಂತಿದೆ. ಕೊನೆಯಲ್ಲಿ ನೋಡಿಕೊಳ್ಳೋಣ ಅಂತ ಬಿಟ್ಟರೆ ಮೇಣದಬತ್ತಿ ಇಡಬಾರದ ಬಾಟಲಿಗೆ ಮೇಣದಬತ್ತಿ ಇಡುವ ಆಸೆ ಬಂದುಬಿಡುತ್ತದೆ.

ಮೇಣದಬತ್ತಿಗೆ ಬಾಯಿ ಅಗಲ ಇರುವ ಬಾಟಲಿಯೇ ಬೇಕು. ಕಡಿಮೆ ಅಂದರೂ 6–7 ಸೆಂಟಿಮೀಟರ್ ಅಗಲ ಇರಲಿ. ಕೈ ಒಳಗೆ ಹೋದರೆ ಇನ್ನೂ ಒಳ್ಳೆಯದು. ಬೆಂಕಿಗೆ ಗಾಳಿ ಬೇಕು. ಬಿಸಿ ಗಾಳಿ ಮೇಲೆ ಹೋಗಬೇಕು, ಅದೇ ಬಾಯಿಯಿಂದ ಹೊಸ ಗಾಳಿ ಕೆಳಗೆ ಇಳಿಯಬೇಕು. ಬಾಯಿ ಕಿರಿದಾದರೆ ಇವೆರಡೂ ಒಂದಕ್ಕೊಂದು ಅಡ್ಡ ಬರುತ್ತವೆ, ಜ್ವಾಲೆ ಕುಣಿಯುತ್ತದೆ, ಮೇಣ ಪೂರ್ತಿ ಉರಿಯದೆ ಮಸಿ ಏಳುತ್ತದೆ, ಒಂದು ಗಂಟೆಯಲ್ಲಿ ಗಾಜಿನ ಒಳಗೋಡೆ ಕಪ್ಪಾಗುತ್ತದೆ. ಕತ್ತು ಸಣ್ಣಗಿರುವ ಜ್ಯೂಸ್ ಬಾಟಲಿ, ಸಾಸ್ ಬಾಟಲಿಗಳನ್ನೆಲ್ಲ ಎಲ್‌ಇಡಿಗೆ ಮೀಸಲಿಡಿ. ತೀರಾ ಗಿಡ್ಡ ಬಾಟಲಿಯೂ ಬೇಡ. ಜ್ವಾಲೆಯ ತುದಿಗಿಂತ ಬಾಟಲಿಯ ಅಂಚು ಏಳೆಂಟು ಸೆಂಟಿಮೀಟರ್ ಆದರೂ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ಬೀಸಿದಾಗ ದೀಪ ಉಳಿಯುವುದಿಲ್ಲ, ಅಂಚೂ ತುಂಬಾ ಕಾಯುತ್ತದೆ.

ಆರಿಸಿದ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಅಂಚಿನ ಸುತ್ತ ನಿಧಾನವಾಗಿ ಉಗುರು ಆಡಿಸಿ. ಕೂದಲೆಳೆಯಷ್ಟು ಬಿರುಕು ಇದ್ದರೂ, ಅಂಚು ಚೂರು ಹಾರಿದ್ದರೂ ಅದನ್ನು ಪಕ್ಕಕ್ಕಿಡಿ. ಎಲ್‌ಇಡಿಗೂ ಬೇಡ, ಯಾಕೆಂದರೆ ಕತ್ತಿಗೆ ತಂತಿ ಬಿಗಿದಾಗ ಅದೇ ಬಿರುಕಿನಿಂದ ಸೀಳಿಕೊಳ್ಳುತ್ತದೆ.

ಈಗ ಲೇಬಲ್ ಬಿಡಿಸುವ ಕೆಲಸ. ಇಲ್ಲಿ ಸಿಡುಕುವವರೇ ಹೆಚ್ಚು, ಆದರೆ ಅಂಟು ಯಾವ ತರಹದ್ದು ಅಂತ ಗೊತ್ತಾದರೆ ಕೆಲಸ ಸುಲಭ. ಕೆಲವು ಲೇಬಲ್‌ಗಳ ಗೋಂದು ನೀರಿಗೆ ಕರಗುತ್ತದೆ. ಬೆಚ್ಚಗಿನ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಅಥವಾ ಪಾತ್ರೆ ತೊಳೆಯುವ ದ್ರವ ಹಾಕಿ ಅರ್ಧ ಗಂಟೆ ಮುಳುಗಿಸಿಟ್ಟರೆ ಇಡೀ ಕಾಗದ ತಾನಾಗಿ ಜಾರಿ ಬರುತ್ತದೆ. ಇನ್ನು ಕೆಲವದರಲ್ಲಿ ಸ್ಟಿಕ್ಕರ್ ಅಂಟು ಇರುತ್ತದೆ. ಅದಕ್ಕೆ ನೀರು ಏನೂ ಮಾಡುವುದಿಲ್ಲ. ಕಾಗದ ಬಂದರೂ ಜಿಗುಟು ಉಳಿಯುತ್ತದೆ, ಉಜ್ಜಿದಷ್ಟೂ ಹರಡುತ್ತದೆ. ಆ ಜಿಗುಟು ಕರಗುವುದು ಎಣ್ಣೆಯಲ್ಲಿ. ಅಡುಗೆ ಎಣ್ಣೆಗೆ ಅಷ್ಟೇ ಪ್ರಮಾಣದ ಅಡುಗೆ ಸೋಡಾ ಕಲಸಿ, ಅಂಟಿನ ಮೇಲೆ ದಪ್ಪಗೆ ಸವರಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಒರಟು ಬಟ್ಟೆಯಿಂದ ಉಜ್ಜಿ. ಎಣ್ಣೆ ಅಂಟನ್ನು ಸಡಿಲ ಮಾಡುತ್ತದೆ, ಸೋಡಾ ಉಜ್ಜುವ ಪುಡಿಯ ಕೆಲಸ ಮಾಡುತ್ತದೆ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಲೇಬಲ್ ಮೇಲೆ ಒಂದೆರಡು ನಿಮಿಷ ಬಿಸಿ ಗಾಳಿ ಬಿಟ್ಟು ಮೂಲೆಯಿಂದ ಮೆಲ್ಲಗೆ ಎಳೆಯಿರಿ, ಹರಿಯದೆ ಬರುತ್ತದೆ. ತಳದಲ್ಲಿ ಅಥವಾ ಕತ್ತಿನಲ್ಲಿ ಅಚ್ಚು ಹಾಕಿರುವ ತಾರೀಕು ಹೋಗಬೇಕಾದರೆ ಹತ್ತಿಯಲ್ಲಿ ನೇಲ್ ಪಾಲಿಶ್ ರಿಮೂವರ್ ಅದ್ದಿ ಒರೆಸಿ. ಪೆಟ್ರೋಲ್, ಸೀಮೆಎಣ್ಣೆಯಿಂದ ಒರೆಸುವ ಅಭ್ಯಾಸ ಕೆಲವರಿಗಿದೆ. ಬೆಂಕಿ ಇಡುವ ವಸ್ತುವಿಗೆ ಅದು ಬೇಡವೇ ಬೇಡ.

ಒಂದು ಎಚ್ಚರಿಕೆ. ತಣ್ಣಗಿರುವ ಬಾಟಲಿಗೆ ಕುದಿಯುವ ನೀರು ಸುರಿಯಬೇಡಿ. ಗಾಜು ಶಾಖವನ್ನು ಬೇಗ ಹರಿಸುವುದಿಲ್ಲ. ಒಳಮೈ ಕಾದು ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ, ಆ ಎಳೆದಾಟಕ್ಕೆ ಸಿಡಿಯುತ್ತದೆ. ಜಾಮ್ ಬಾಟಲಿಯಂಥ ಸಾಮಾನ್ಯ ಗಾಜಿಗೆ ದಿಢೀರನೆ 40–50 ಡಿಗ್ರಿ ವ್ಯತ್ಯಾಸ ಆದರೂ ಅಪಾಯವೇ. ಒಲೆಯ ಮೇಲೆ ಇಡುವ ಗಾಜಿನ ಪಾತ್ರೆಗಳು ಬೇರೆ ಜಾತಿಯವು, ಅವನ್ನು ನೋಡಿ ಇದನ್ನು ಅಳೆಯಬಾರದು. ಈ ಮಾತು ಮೇಣದಬತ್ತಿ ಹಚ್ಚುವಾಗಲೂ ಮತ್ತೆ ಬರುತ್ತದೆ.

ಲೇಬಲ್ ಹೋದ ಮೇಲೆ ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಬಣ್ಣ ಹಚ್ಚುವುದಕ್ಕೆ ಸ್ವಲ್ಪ ಮೊದಲು ಸ್ಪಿರಿಟ್ ಅಥವಾ ವಿನೆಗರ್ ಅದ್ದಿದ ಬಟ್ಟೆಯಿಂದ ಹೊರಮೈ ಒರೆಸಿ. ಆಮೇಲೆ ಬಾಟಲಿಯನ್ನು ಹೊರಗಿನಿಂದ ಮುಟ್ಟಬೇಡಿ, ಒಳಗೆ ಬೆರಳು ಹಾಕಿ ಹಿಡಿಯಿರಿ. ಬೆರಳಿನ ಜಿಡ್ಡು ಅಂಟಿದ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ.

ಅಲಂಕಾರಕ್ಕಿಂತ ಮೊದಲು ತಂತಿ ಕಟ್ಟಿಬಿಡಿ ಅಂತ ನಾನು ಹೇಳುತ್ತೇನೆ. ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಿದರೆ ಇಕ್ಕಳ ತಾಗಿ ಬಣ್ಣ ಕಿತ್ತು ಬರುತ್ತದೆ. ತಂತಿ ಮೊದಲೇ ಇದ್ದರೆ ಹಿಡಿದು ತಿರುಗಿಸಲೂ ಅನುಕೂಲ, ಒಣಗಲು ನೇತುಹಾಕಲೂ ಅನುಕೂಲ.

ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ಅಥವಾ ಅಲ್ಯೂಮಿನಿಯಂ ತಂತಿ ಸಾಕು. ಅಲ್ಯೂಮಿನಿಯಂ ಮೆದು, ಕೈಯಲ್ಲೇ ಬಾಗುತ್ತದೆ. ದೊಡ್ಡ ಬಾಟಲಿಗಾದರೆ ಜಿಐ ತಂತಿಯೇ ನಂಬಿಕಸ್ಥ. ಮುಚ್ಚಳ ತಿರುಗಿಸುವ ಗೆರೆಗಳ ಕೆಳಗೆ ಬಾಟಲಿಯ ಕತ್ತು ಸ್ವಲ್ಪ ಒಳಕ್ಕೆ ಸರಿದಿರುತ್ತದೆ. ತಂತಿ ಕೂರಬೇಕಾದದ್ದು ಅಲ್ಲಿ. ಬಾಯಿ 7 ಸೆಂಟಿಮೀಟರ್ ಅಗಲ ಇದೆ ಅಂದರೆ ತಲಾ 25 ಸೆಂಟಿಮೀಟರ್‌ನ ಎರಡು ತುಂಡು ಕತ್ತರಿಸಿ. ಒಂದು ತುಂಡನ್ನು ಕತ್ತಿನ ಮುಂದಿನ ಅರ್ಧಕ್ಕೆ, ಇನ್ನೊಂದನ್ನು ಹಿಂದಿನ ಅರ್ಧಕ್ಕೆ ಹಿಡಿಯಿರಿ. ಎರಡೂ ಬದಿಯಲ್ಲಿ ತುದಿಗಳು ಸೇರುವ ಕಡೆ ಎರಡು ಮೂರು ಸುತ್ತು ತಿರುಚಿ. ಒಂದೇ ಬದಿಯನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಬರಬೇಡಿ. ಆ ಕಡೆ ಒಂದು ಸುತ್ತು, ಈ ಕಡೆ ಒಂದು ಸುತ್ತು, ಹೀಗೆ ಬಿಗಿಯುತ್ತಾ ಬಂದರೆ ತಂತಿ ನಡುವೆ ಕೂರುತ್ತದೆ, ಗಾಜಿನ ಮೇಲೆ ಒತ್ತಡವೂ ಸಮವಾಗಿರುತ್ತದೆ. ಬಾಟಲಿ ಅಲುಗಾಡಿಸಿದರೆ ತಂತಿ ಕದಲಬಾರದು. ಅಷ್ಟು ಬಿಗಿ ಸಾಕು. ಅದಕ್ಕಿಂತ ಜಾಸ್ತಿ ಬೇಡ.

ಉಳಿದ ಉದ್ದದ ತುದಿಗಳನ್ನು ಒಂದು ಪೆನ್ಸಿಲಿಗೆ ಸುತ್ತಿ ಎರಡೂ ಬದಿಯಲ್ಲಿ ಸಣ್ಣ ಬಳೆಯಂಥ ಕುಣಿಕೆ ಮಾಡಿಕೊಳ್ಳಿ. ಹಿಡಿಗೆ 60 ಸೆಂಟಿಮೀಟರ್ ತಂತಿ ಬೇಕು. ಅದರ ತುದಿಗಳನ್ನು ಹೊರಗಿನಿಂದ ಕುಣಿಕೆಯೊಳಗೆ ತೂರಿಸಿ, ಮೇಲಕ್ಕೆ ಮಡಚಿ, ತಂತಿಗೇ ನಾಲ್ಕು ಸುತ್ತು ಸುತ್ತಿ, ಚೂಪು ತುದಿಯನ್ನು ಇಕ್ಕಳದಿಂದ ಒಳಕ್ಕೆ ಒತ್ತಿಬಿಡಿ. ಬಾಯಿಯಿಂದ ಹಿಡಿಯ ತುದಿಗೆ ಸುಮಾರು ಒಂದು ಗೇಣು ಎತ್ತರ ಬರುತ್ತದೆ. ಈ ಎತ್ತರ ಬೇಕು. ಬೆಂಕಿಯ ಶಾಖ ನೇರ ಮೇಲಕ್ಕೇ ಏರುವುದರಿಂದ ಹಿಡಿ ಗಿಡ್ಡವಾದರೆ ಕೈ ಸುಡುತ್ತದೆ. ಸೆಣಬಿನ ಹಗ್ಗ, ನೈಲಾನ್ ದಾರ, ರಿಬ್ಬನ್ ನೋಡಲು ಚಂದ. ಎಲ್‌ಇಡಿ ಬಾಟಲಿಗೆ ಧಾರಾಳವಾಗಿ ಬಳಸಿ. ಮೇಣದಬತ್ತಿಯ ಬಾಟಲಿಯ ಹತ್ತಿರ ಮಾತ್ರ ತರಬೇಡಿ. ಸೆಣಬು ಹತ್ತಿಕೊಳ್ಳುತ್ತದೆ, ನೈಲಾನ್ ಕರಗಿ ಬಾಟಲಿ ಕೆಳಗೆ ಬೀಳುತ್ತದೆ.

ಕಟ್ಟಿದ ಮೇಲೆ ಬಾಟಲಿಗೆ ಕುತ್ತಿಗೆಯವರೆಗೆ ನೀರು ತುಂಬಿ, ಬಿದ್ದರೂ ಯಾರಿಗೂ ತೊಂದರೆಯಾಗದ ಜಾಗದಲ್ಲಿ, ನೆಲಕ್ಕೆ ಹತ್ತಿರವಾಗಿ ಒಂದು ರಾತ್ರಿ ನೇತುಹಾಕಿ. ಬೆಳಗ್ಗೆ ತಂತಿ ಜಾರಿಲ್ಲ, ಕುಣಿಕೆ ಬಿಚ್ಚಿಕೊಂಡಿಲ್ಲ ಅಂದರೆ ಮರಳು, ಮೇಣದಬತ್ತಿಯ ಭಾರ ಅದಕ್ಕೆ ಏನೂ ಅಲ್ಲ.

ಇನ್ನು ಬಣ್ಣ. ನನಗೆ ಅತಿ ಇಷ್ಟದ ಭಾಗ ಇದು, ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೊದಲು ಬೆಳಕಿನ ಗುಣ ತಿಳಿಯಬೇಕು. ಮೇಣದಬತ್ತಿಯ ಬೆಳಕಿನಲ್ಲಿ ಹಳದಿ, ಕಿತ್ತಳೆ, ಕೆಂಪು ತುಂಬಾ ಇರುತ್ತದೆ. ನೀಲಿ ತೀರಾ ಕಡಿಮೆ. ನೀಲಿ ಗಾಜು ಅಂದರೆ ನೀಲಿಯನ್ನು ಮಾತ್ರ ಹೊರಗೆ ಬಿಟ್ಟು ಉಳಿದದ್ದನ್ನು ತಡೆಯುವ ಗಾಜು. ಮೇಣದಬತ್ತಿಯಲ್ಲಿ ನೀಲಿಯೇ ಇಲ್ಲದಿದ್ದರೆ ಹೊರಗೆ ಬರುವುದಾದರೂ ಏನು? ಹಾಗಾಗಿ ಕಡು ನೀಲಿ, ನೇರಳೆ ಬಳಿದ ಬಾಟಲಿಯಲ್ಲಿ ಮೇಣದಬತ್ತಿ ಇಟ್ಟರೆ ಮಬ್ಬಾಗಿ ಕಾಣುತ್ತದೆ. ಹಳದಿ, ಕಿತ್ತಳೆ, ಕೆಂಪು, ತಿಳಿ ಗುಲಾಬಿ ಹಾಕಿ ನೋಡಿ, ಧಗಧಗ ಅನ್ನುತ್ತದೆ. ನೀಲಿ ಬೇಕೇ ಬೇಕು ಅಂದರೆ ಬಿಳಿ ಎಲ್‌ಇಡಿ ಹಾಕಿ, ಅದರಲ್ಲಿ ನೀಲಿ ಧಾರಾಳವಾಗಿದೆ. ಮೊಬೈಲ್ ಟಾರ್ಚ್ ಕೂಡ ಬಿಳಿ ಎಲ್‌ಇಡಿಯೇ. ಅದರಲ್ಲಿ ಚೆನ್ನಾಗಿ ಕಂಡ ನೀಲಿ ಮೇಣದಬತ್ತಿಯಲ್ಲಿ ಹಾಗೇ ಕಾಣುವುದಿಲ್ಲ. ಮೇಣದಬತ್ತಿಯ ಲಾಟೀನಾದರೆ ಕೊನೆಯ ಪರೀಕ್ಷೆ ಮೇಣದಬತ್ತಿಯಿಂದಲೇ ಆಗಬೇಕು, ಬಣ್ಣ ಪೂರ್ತಿ ಒಣಗಿದ ಮೇಲೆ.

ಬಣ್ಣದಲ್ಲಿ ಮೂರು ಬಗೆ ಸಿಗುತ್ತದೆ. ಸಾಲ್ವೆಂಟ್ (ನೀರಿನ ಬದಲು ರಾಸಾಯನಿಕ ದ್ರಾವಕ) ಬೆರೆತ ಗ್ಲಾಸ್ ಪೇಂಟ್ ಅತ್ಯಂತ ಪಾರದರ್ಶಕ, ಬಣ್ಣದ ಗಾಜಿನ ಕಿಟಕಿಯ ಹಾಗೆ ಹೊಳೆಯುತ್ತದೆ. ಆದರೆ ವಾಸನೆ ಜೋರು, ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು, ಒಣಗುವವರೆಗೆ ಹತ್ತಿರ ಬೆಂಕಿ ಇರಬಾರದು. ನೀರಿನ ಗ್ಲಾಸ್ ಪೇಂಟ್ ಮಕ್ಕಳ ಜೊತೆ ಕೂತು ಮಾಡುವುದಕ್ಕೆ ಒಳ್ಳೆಯದು. ಇದರಲ್ಲಿ ಕೆಲವನ್ನು ಓವನ್‌ನಲ್ಲಿ ಕಾಯಿಸಿ ಗಟ್ಟಿ ಮಾಡಬಹುದು. ಎಷ್ಟು ಡಿಗ್ರಿ, ಎಷ್ಟು ಹೊತ್ತು ಅನ್ನುವುದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ತಣ್ಣಗಿರುವ ಓವನ್‌ನಲ್ಲಿ ಬಾಟಲಿ ಇಟ್ಟು ಆಮೇಲೆ ಬಿಸಿ ಮಾಡಬೇಕು, ಆರಿಸಿದ ಮೇಲೆ ಬಾಗಿಲು ತೆರೆಯದೆ ಒಳಗೇ ತಣ್ಣಗಾಗಲು ಬಿಡಬೇಕು. ಮೂರನೆಯದು ಮಾಮೂಲಿ ಆಕ್ರಿಲಿಕ್. ಅದು ಬೆಳಕನ್ನು ತಡೆಯುತ್ತದೆ. ಇಡೀ ಬಾಟಲಿಗೆ ಬಳಿಯುವುದಕ್ಕೆ ಸರಿಯಿಲ್ಲ. ನೆರಳು ಬೀಳಿಸುವ ಚಿತ್ರ ಬರೆಯುವುದಕ್ಕೆ ಬಹಳ ಸರಿ.

ಯಾವ ಬಣ್ಣವೇ ಆಗಲಿ, ಮೇಣದಬತ್ತಿ ಇಡುವ ಬಾಟಲಿಗೆ ಹೊರಗಡೆ ಮಾತ್ರ ಹಚ್ಚಿ. ಒಳಗಡೆ ಹಚ್ಚಿದ ಬಣ್ಣ, ಅಂಟು, ಕಾಗದ ಎಲ್ಲವೂ ಜ್ವಾಲೆಗೆ ಹತ್ತಿರ ಇರುತ್ತವೆ. ಹೊರಗಡೆಯೂ ಅಂಚಿನಿಂದ ಎರಡು ಬೆರಳಗಲ ಜಾಗ ಖಾಲಿ ಬಿಡಿ, ಅತಿ ಹೆಚ್ಚು ಕಾಯುವುದು ಆ ಜಾಗವೇ.

ಚಿತ್ರ ಬಿಡಿಸಲು ಬರುವುದಿಲ್ಲ ಅನ್ನುವವರಿಗೆ ಒಂದು ಸುಲಭ ದಾರಿ ಇದೆ. ಬೇಕಾದ ವಿನ್ಯಾಸವನ್ನು ಕಾಗದದ ಮೇಲೆ ಬರೆದು ಅಥವಾ ಪ್ರಿಂಟ್ ತೆಗೆದು, ಬಾಟಲಿಯ ಒಳಗೆ ಗಾಜಿಗೆ ತಾಗುವ ಹಾಗೆ ಅಂಟಿಸಿ. ಹೊರಗಿನಿಂದ ಅದರ ಮೇಲೇ ಗೆರೆ ಎಳೆಯಿರಿ, ಗೆರೆ ಮುಗಿದ ಮೇಲೆ ಒಳಗಿನ ಕಾಗದ ತೆಗೆದುಬಿಡಿ. ಗೆರೆಗೆ ಔಟ್‌ಲೈನರ್ ಟ್ಯೂಬ್ ಸಿಗುತ್ತದೆ, ಮೆಹಂದಿ ಕೋನ್ ಹಿಡಿಯುವ ಹಾಗೆ ಹಿಡಿದು ಸಮವಾಗಿ ಒತ್ತಿದರೆ ಉಬ್ಬು ಗೆರೆ ಬೀಳುತ್ತದೆ. ಅದು ಪೂರ್ತಿ ಒಣಗಲಿ, ಆತುರ ಬೇಡ. ಆ ಗೆರೆಯೇ ಕಟ್ಟೆ. ಬಣ್ಣ ಅದರೊಳಗೆ ನಿಲ್ಲುತ್ತದೆ. ಬಾಟಲಿ ದುಂಡಗಿರುವುದರಿಂದ ತೆಳು ಬಣ್ಣ ಇಳಿದು ಹೋಗುತ್ತದೆ. ಅದಕ್ಕೆ ಬಟ್ಟೆ ಮಡಚಿ ಅದರ ಮೇಲೆ ಬಾಟಲಿಯನ್ನು ಅಡ್ಡ ಮಲಗಿಸಿ, ಮೇಲ್ಮುಖವಾಗಿರುವ ಪಟ್ಟಿಗೆ ಮಾತ್ರ ಬಣ್ಣ ತುಂಬಿ, ಒಣಗಿದ ಮೇಲೆ ತಿರುಗಿಸಿ ಮುಂದಿನ ಪಟ್ಟಿ. ನಿಧಾನದ ಕೆಲಸ, ಆದರೆ ಬಣ್ಣ ಸೋರಿ ಇಳಿದ ಕಲೆಗಳು ಬೀಳುವುದಿಲ್ಲ.

ಬೇಗ ಆಗಬೇಕು ಅಂದರೆ ಸ್ಪಂಜು. ಮಾಸ್ಕಿಂಗ್ ಟೇಪಿನಲ್ಲಿ ನಕ್ಷತ್ರ, ಎಲೆ, ಚಂದ್ರ ಏನಾದರೂ ಕತ್ತರಿಸಿ ಬಾಟಲಿಗೆ ಅಂಟಿಸಿ, ಅಂಚುಗಳನ್ನು ಉಗುರಿನಿಂದ ಒತ್ತಿ. ಸ್ಪಂಜಿಗೆ ಬಹಳ ಕಡಿಮೆ ಬಣ್ಣ ತೆಗೆದುಕೊಂಡು ಮೇಲೆಲ್ಲ ತಟ್ಟುತ್ತಾ ಬನ್ನಿ. ಎಳೆಯಬೇಡಿ, ತಟ್ಟಬೇಕು. ತೆಳುವಾಗಿ ಎರಡು ಪದರ ಸಾಕು. ಬಣ್ಣ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪ್ ತೆಗೆಯಿರಿ, ಪೂರ್ತಿ ಒಣಗಿದರೆ ಟೇಪಿನ ಜೊತೆ ಬಣ್ಣವೂ ಹರಿದು ಬರುತ್ತದೆ. ರಾತ್ರಿ ಆ ಖಾಲಿ ಆಕಾರಗಳಿಂದ ಬೆಳಕು ಚೆಲ್ಲುತ್ತದೆ, ಸುತ್ತಲಿನ ಬಣ್ಣ ಮೆಲ್ಲಗೆ ಬೆಳಗುತ್ತದೆ. ಬಿಳಿ ಬಣ್ಣದಲ್ಲಿ ಇದನ್ನೇ ಮಾಡಿದರೆ ಮಂಜು ಕವಿದ ಗಾಜಿನ ಹಾಗೆ ಬರುತ್ತದೆ. ಗಾಜನ್ನು ಮಂಜಾಗಿಸಲು ಎಚಿಂಗ್ ಕ್ರೀಮ್ ಅಂತ ಸಿಗುತ್ತದೆ. ಅದರಲ್ಲಿ ಗಾಜನ್ನೇ ತಿನ್ನುವ ಫ್ಲೋರೈಡ್ ರಾಸಾಯನಿಕ ಇರುತ್ತದೆ, ಚರ್ಮಕ್ಕೂ ಕಣ್ಣಿಗೂ ತುಂಬಾ ಅಪಾಯ. ಸ್ಪಂಜಿನಿಂದಲೇ ಅದೇ ನೋಟ ಬರುವಾಗ ಮನೆಯಲ್ಲಿ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ, ಅದನ್ನು ತರುವುದು ಯಾಕೆ?

ಎಪ್ಸಮ್ ಉಪ್ಪಿನಿಂದಲೂ (ಮೆಗ್ನೀಸಿಯಂ ಸಲ್ಫೇಟ್ ಹರಳು) ಮಂಜಿನ ನೋಟ ತರಬಹುದು. ಬಾಟಲಿಯ ಹೊರಗೆ ಬಿಳಿ ಗೋಂದು ಸವರಿ, ತಟ್ಟೆಯಲ್ಲಿ ಹರಡಿದ ಉಪ್ಪಿನ ಮೇಲೆ ಹೊರಳಿಸಿ, ಒಣಗಲು ಬಿಡಿ. ಹರಳುಗಳು ಬೆಳಕಿಗೆ ಮಿನುಗುತ್ತವೆ. ಆದರೆ ಮಳೆ, ಇಬ್ಬನಿ ತಾಗಿದರೆ ಕರಗುತ್ತದೆ, ಒಳಾಂಗಣಕ್ಕೆ ಮಾತ್ರ.

ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದದ ವಿಧಾನ ಪುಟ್ಟ ಮಕ್ಕಳಿಗೂ ಬರುತ್ತದೆ. ಬಿಳಿ ಗೋಂದಿಗೆ ಅಷ್ಟೇ ನೀರು ಬೆರೆಸಿ, ಬಾಟಲಿಗೆ ಬ್ರಷ್‌ನಿಂದ ಸವರಿ, ಹರಿದ ಕಾಗದದ ಚೂರುಗಳನ್ನು ಒಂದರ ಮೇಲೊಂದು ಸ್ವಲ್ಪ ಬರುವಂತೆ ಹಚ್ಚಿ, ಮೇಲೆ ಮತ್ತೊಮ್ಮೆ ಗೋಂದು ಸವರಿ. ಕತ್ತರಿಸಿದ ಚೂರಿಗಿಂತ ಕೈಯಲ್ಲಿ ಹರಿದ ಚೂರೇ ಚೆಂದ, ಅಂಚುಗಳು ಒಂದರಲ್ಲೊಂದು ಕರಗಿದ ಹಾಗೆ ಕಾಣುತ್ತವೆ. ಹಳದಿಯ ಮೇಲೆ ಕೆಂಪು ಬಂದ ಕಡೆ ರಾತ್ರಿ ಕಿತ್ತಳೆ ಬೆಳಗುತ್ತದೆ. ಮೂರು ಪದರ ಮೀರಿದರೆ ಬೆಳಕು ಸಾಯುತ್ತದೆ. ಹಸಿ ಗೋಂದು ಹಾಲಿನ ಬಣ್ಣ ಇರುತ್ತದೆ, ಗಾಬರಿ ಬೇಡ, ಒಣಗಿದಾಗ ತಿಳಿಯಾಗುತ್ತದೆ. ಈ ಬಾಟಲಿಗಳಿಗೆ ಎಲ್‌ಇಡಿಯೇ ಹಾಕಿ. ಕಾಗದ ಹೊರಗಡೆ ಇದ್ದರೂ ಕಾಗದವೇ.

ನೆರಳಿನ ಆಟ ಬೇಕು ಅನ್ನುವವರಿಗೆ ಇದು. ನೆರಳು ಸ್ಪಷ್ಟವಾಗಿ ಬೀಳಬೇಕಾದರೆ ಬೆಳಕು ಒಂದೇ ಬಿಂದುವಿನಿಂದ ಬರಬೇಕು. ಒಂದೇ ಒಂದು ಮೇಣದಬತ್ತಿ ಅಥವಾ ಒಂದೇ ಎಲ್‌ಇಡಿ ಇದ್ದರೆ ಬಾಟಲಿಯ ಮೇಲೆ ಬರೆದ ಕಪ್ಪು ಹಕ್ಕಿ, ಮರ, ಬಳ್ಳಿ ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತವೆ. ಅದೇ ಬಾಟಲಿಗೆ ಸೀರಿಯಲ್ ಲೈಟಿನ ಸರ ತುಂಬಿದರೆ ಹತ್ತಾರು ಕಡೆಯಿಂದ ಬೆಳಕು ಬಂದು ನೆರಳುಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಚಿತ್ರದ ಬಾಟಲಿಗೆ ಒಂಟಿ ದೀಪ, ಬಣ್ಣ ತುಂಬಿದ ಅಥವಾ ಮಂಜು ಗಾಜಿನ ಬಾಟಲಿಗೆ ದೀಪದ ಸರ. ಗೋಡೆಗೂ ಬಾಟಲಿಗೂ ಮಧ್ಯೆ ಒಂದು ಒಂದೂವರೆ ಅಡಿ ಬಿಟ್ಟು, ಜಾಗ ಹಿಂದೆ ಮುಂದೆ ಮಾಡಿ ನೋಡಿ. ಬಾಟಲಿ ದೂರ ಹೋದಷ್ಟೂ ನೆರಳು ದೊಡ್ಡದಾಗುತ್ತದೆ, ಅಂಚು ಮೆತ್ತಗಾಗುತ್ತದೆ.

ಬಣ್ಣ ಮುಟ್ಟಿದರೆ ಒಣಗಿದಂತೆ ಇರುತ್ತದೆ. ಆದರೆ ಗಾಳಿಗೆ ಒಣಗುವ ಗ್ಲಾಸ್ ಪೇಂಟ್ ಗಾಜಿಗೆ ಗಟ್ಟಿಯಾಗಿ ಹಿಡಿಯಲು ವಾರಗಟ್ಟಲೆ ಬೇಕಾಗಬಹುದು. ಹಬ್ಬದ ಹಿಂದಿನ ದಿನ ಕೂತರೆ ಉಗುರು ತಾಗಿದರೂ ಏಳುತ್ತದೆ. ಆದಷ್ಟು ಮುಂಚೆ ಶುರು ಮಾಡಿ.

ಈಗ ದೀಪ. ಮೇಣದಬತ್ತಿಗೆ ತಗಡಿನ ಬಟ್ಟಲಲ್ಲಿ ಬರುವ ಟೀಲೈಟ್ ಒಳ್ಳೆಯದು. ಅಗಲ ಸುಮಾರು 4 ಸೆಂಟಿಮೀಟರ್, ಸಾಮಾನ್ಯವಾಗಿ ನಾಲ್ಕು ಗಂಟೆ ಉರಿಯುತ್ತದೆ. ಬಾಟಲಿಯ ತಳಕ್ಕೆ ಎರಡು ಸೆಂಟಿಮೀಟರ್ ಒಣ ಮರಳು ಹಾಕಿ ಅದರ ಮೇಲೆ ಇಡಿ. ಮರಳು ಬಿಸಿಯನ್ನು ಹರಡುತ್ತದೆ, ಕೊನೆಗೆ ತಗಡು ಕಾದಾಗ ಗಾಜಿಗೆ ನೇರ ತಾಗದಂತೆ ತಡೆಯುತ್ತದೆ, ಬಾಟಲಿಗೆ ಭಾರ ಕೊಡುತ್ತದೆ. ಹಸಿ ಮರಳು ಬೇಡ, ಅದರ ಆವಿ ಗಾಜಿಗೆ ಕಟ್ಟಿ ಮಸುಕಾಗುತ್ತದೆ. ಮೇಣದಬತ್ತಿ ಸರಿಯಾಗಿ ನಡುವೆ ಕೂರಲಿ. ಒಂದು ಬದಿಗೆ ವಾಲಿದರೆ ಆ ಬದಿಯ ಗಾಜು ಮಾತ್ರ ಕಾದು, ಮೊದಲೇ ಹೇಳಿದ ಎಳೆದಾಟ ಶುರುವಾಗುತ್ತದೆ. ಹಚ್ಚಲು ಉದ್ದ ಮೂತಿಯ ಲೈಟರ್ ಬಳಸಿ. ಮುಚ್ಚಳ ಹಾಕಬೇಡಿ. ಉರಿಯುತ್ತಿರುವಾಗ ಅಥವಾ ಆರಿದ ತಕ್ಷಣ ನೀರು ಹಾಕಬೇಡಿ.

ನೀರಿನ ಮೇಲೆ ಎಣ್ಣೆ ತೇಲಿಸಿ ದೀಪ ಹಚ್ಚುವುದೂ ಅಗಲ ಬಾಯಿಯ ಬಾಟಲಿಗೆ ಚೆನ್ನಾಗಿ ಒಗ್ಗುತ್ತದೆ. ಅರ್ಧ ಬಾಟಲಿ ನೀರು, ಮೇಲೆ ಒಂದು ಬೆರಳಗಲ ಅಡುಗೆ ಎಣ್ಣೆ, ಅದರ ಮೇಲೆ ತೇಲುವ ಬತ್ತಿ. ನೀರು ಗಾಜನ್ನು ತಂಪಾಗಿಡುತ್ತದೆ, ಎಣ್ಣೆ ಮುಗಿದಾಗ ಬತ್ತಿ ತಾನೇ ಆರುತ್ತದೆ. ಇದನ್ನು ನೇತುಹಾಕಬೇಡಿ, ಸಮತಟ್ಟಾದ ಜಾಗದಲ್ಲಿ ಇಡಿ.

ಹಚ್ಚಿದ ಲಾಟೀನಿನಿಂದ ಪರದೆ, ಒಣ ಹೂವಿನ ಮಾಲೆ, ಕಾಗದದ ತೋರಣ ಎಲ್ಲವೂ ಒಂದು ಅಡಿಗಿಂತ ದೂರ ಇರಲಿ. ನೇರ ಮೇಲ್ಗಡೆಯಂತೂ ಹತ್ತಿಕೊಳ್ಳುವಂಥದ್ದು ಏನೂ ಇರಬಾರದು. ಗಾಳಿಗೆ ತೂಗಾಡುವ ಜಾಗದಲ್ಲಿ, ಮಕ್ಕಳು ಓಡಾಡುವ ದಾರಿಯಲ್ಲಿ, ಮರಕ್ಕೆ ಕಟ್ಟುವ ಕಡೆ ಮೇಣದಬತ್ತಿ ಬಿಟ್ಟು ಎಲ್‌ಇಡಿ ಹಾಕಿ. ಯಾರೂ ಇಲ್ಲದ ಜಾಗದಲ್ಲಿ ಉರಿಯಲು ಬಿಟ್ಟು ಹೋಗಬಾರದು, ಮಲಗುವ ಮೊದಲು ಆರಿಸಲೇಬೇಕು.

ಎಲ್‌ಇಡಿಯಲ್ಲಿ ವಾರ್ಮ್ ವೈಟ್ ಅಂತ ಬರೆದಿರುವುದನ್ನು ಕೊಳ್ಳಿ, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನದು ದೀಪದ ಬೆಳಕಿಗೆ ಹತ್ತಿರ. ನೀಲಿ, ಹಸಿರು ಬಳಿದ ಬಾಟಲಿಗೆ ಮಾತ್ರ ತಣ್ಣನೆಯ ಬಿಳಿ. ಬ್ಯಾಟರಿ ಡಬ್ಬಿಯನ್ನು ಮುಚ್ಚಳದ ಒಳಭಾಗಕ್ಕೆ ಎರಡು ಮುಖದ ಟೇಪಿನಿಂದ ಅಂಟಿಸಿ, ಸರವನ್ನು ಕೆಳಗೆ ಇಳಿಬಿಟ್ಟು ಮುಚ್ಚಳ ಹಾಕಿದರೆ ಹೊರಗೆ ಏನೂ ಕಾಣುವುದಿಲ್ಲ, ತುಂತುರು ಮಳೆಯೂ ಒಳಗೆ ಬರುವುದಿಲ್ಲ. ಸರವನ್ನು ಅಚ್ಚುಕಟ್ಟಾಗಿ ಸುತ್ತಬೇಡಿ, ಸುಮ್ನೆ ಕೈಯಲ್ಲಿ ಮುದ್ದೆ ಮಾಡಿ ಸಡಿಲವಾಗಿ ಬಿಡಿ. ದೀಪಗಳು ಬಾಟಲಿಯ ತುಂಬಾ ಹರಡುತ್ತವೆ. ಗುಂಡಿಯಂಥ ಸಣ್ಣ ಬ್ಯಾಟರಿಯ ಸರಗಳು ಅಗ್ಗ. ಆದರೆ ಪುಟ್ಟ ಮಕ್ಕಳಿರುವ ಕಡೆ ಅವು ಬೇಡ. ಮಗು ಆ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಪೆನ್ಸಿಲ್ ಸೆಲ್ ಹಾಕುವ, ಸ್ಕ್ರೂ ಇರುವ ಡಬ್ಬಿಯ ಸರ ಕೊಳ್ಳಿ, ಹೆಚ್ಚು ಹೊತ್ತು ಬಾಳುತ್ತದೆ ಕೂಡ.

ಜೋಡಿಸುವಾಗ ಒಂದೇ ಅಳತೆಯ ಬಾಟಲಿಗಳ ಸಾಲಿಗಿಂತ ಎತ್ತರ, ಗಿಡ್ಡ, ದಪ್ಪ ಬೆರೆತ ಗುಂಪು ಚೆನ್ನಾಗಿ ಕಾಣುತ್ತದೆ. ಐದಾರು ಬಾಟಲಿ ಇದ್ದರೆ ಎಲ್ಲಕ್ಕೂ ಬೇರೆ ಬೇರೆ ಬಣ್ಣ ಬೇಡ, ಎರಡು ಬಣ್ಣ ಮತ್ತು ಒಂದು ಬರಿ ಗಾಜು ಸಾಕು. ಬರಿ ಗಾಜಿನ ಬಾಟಲಿಯ ಹಳದಿ ಬೆಳಕು ಪಕ್ಕದ ಬಣ್ಣಗಳನ್ನು ಎತ್ತಿ ತೋರಿಸುತ್ತದೆ. ಸುತ್ತಮುತ್ತ ದೊಡ್ಡ ಲೈಟ್ ಉರಿಯುತ್ತಿದ್ದರೆ ಇದ್ಯಾವುದೂ ಕಾಣುವುದಿಲ್ಲ, ಆ ಹೊತ್ತಿಗೆ ಅದನ್ನು ಆರಿಸಿ.

ಹಬ್ಬ ಮುಗಿದ ಮೇಲೆ ತಳದಲ್ಲಿ ಮೇಣ ಚೆಲ್ಲಿ ಗಟ್ಟಿಯಾಗಿದ್ದರೆ ಚಾಕುವಿನಿಂದ ಕೆರೆಯಬೇಡಿ. ಬಾಟಲಿ ಪೂರ್ತಿ ತಣ್ಣಗಾದ ಮೇಲೆ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ಮೇಣ ಕುಗ್ಗಿ ಗಾಜಿನಿಂದ ಬಿಡುತ್ತದೆ, ತಲೆಕೆಳಗೆ ಮಾಡಿ ತಟ್ಟಿದರೆ ಬೀಳುತ್ತದೆ. ಆಮೇಲೆ ಬಾಟಲಿ ಮನೆಯ ಬಿಸಿಗೆ ಬರುವವರೆಗೆ ಕಾದು ತೊಳೆಯಿರಿ. ಬಿಸಿ ನೀರಿನಲ್ಲಿ ಮೇಣ ಕರಗಿಸಿ ಸಿಂಕಿಗೆ ಸುರಿದರೆ ಪೈಪಿನಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಎಲ್‌ಇಡಿ ಡಬ್ಬಿಯಿಂದ ಸೆಲ್ ತೆಗೆದಿಡಿ, ಬಿಟ್ಟರೆ ಸೋರಿ ತುಕ್ಕು ಹಿಡಿಯುತ್ತದೆ. ಬಾಟಲಿಗಳ ಮಧ್ಯೆ ಹಳೆ ಬಟ್ಟೆ ಇಟ್ಟು ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಟ್ಟರೆ ಬಣ್ಣಕ್ಕೆ ಬಣ್ಣ ಉಜ್ಜುವುದಿಲ್ಲ. ಮುಂದಿನ ಸಲ ಬೇರೆ ಬಣ್ಣ ಬೇಕು ಅನ್ನಿಸಿದರೆ, ಓವನ್‌ನಲ್ಲಿ ಕಾಯಿಸದ ನೀರಿನ ಬಣ್ಣ ಮತ್ತು ಗೋಂದಿನ ಕಾಗದ ರಾತ್ರಿಯಿಡೀ ಸೋಪಿನ ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತವೆ. ಬೆಳಗ್ಗೆ ಉಜ್ಜಿ ತೆಗೆಯಿರಿ. ಗಾಜು ಮತ್ತೆ ಬರಿದು, ತಂತಿ ಇದ್ದ ಹಾಗೇ ಇರಲಿ.